ತಟ್ಟೆಯಲ್ಲಿ ಏನಿದೆ ಎಂದು ಕೇಳೋಣ



ಹೊರಗಿನ ಊಟದ ಮಾತು ಬಂದಾಗ ನಮ್ಮ ಮನೆಗಳಲ್ಲಿ ಎರಡು ಪಕ್ಷಗಳಾಗುತ್ತವೆ. ಹಿರಿಯರು ಬೇಡ ಎನ್ನುತ್ತಾರೆ, ಯಾಕೆ ಬೇಡ ಎಂಬುದನ್ನು ಬಿಡಿಸಿ ಹೇಳುವುದಿಲ್ಲ. ಮಕ್ಕಳು ಎಲ್ಲರೂ ತಿನ್ನುತ್ತಾರಲ್ಲ ಎನ್ನುತ್ತಾರೆ, ತಿನ್ನುವುದು ಏನನ್ನು ಎಂದು ವಿಚಾರಿಸುವುದಿಲ್ಲ. ಈ ವಾದ ಪ್ರತಿ ರಜೆಯಲ್ಲಿ ನಮ್ಮ ಮನೆಯಲ್ಲೂ ನಡೆಯುತ್ತದೆ. ಕಳೆದ ಬೇಸಿಗೆಯಲ್ಲಿ ನಡೆದಾಗ ಮಾತ್ರ ನನಗೇ ಒಂದು ಪಾಠವಾಯಿತು. ಅದನ್ನು ಮುಚ್ಚಿಡದೆ ತಮ್ಮ ಮುಂದೆ ಇಡುತ್ತಿದ್ದೇನೆ.

ಪುಣೆಯಿಂದ ಮೊಮ್ಮಗ ಕಾಗಲಕ್ಕೆ ಬಂದಿದ್ದ. ಹನ್ನೆರಡು ವರ್ಷದ ಹುಡುಗ. ಬಂದ ಮರುದಿನವೇ ನನ್ನ ಹತ್ತಿರ ಕೂತು, "ಅಜ್ಜಾ, ಸಾಲ್ಯಾಗ ಗೆಳ್ಯಾರು ಕೇಳ್ತಾರ, ನಿಮ್ಮೂರ ಬಾಜೂಕ ಕೊಲ್ಹಾಪುರ ಐತಿ, ನೀ ಮಿಸಳ ತಿಂದೀ ಏನು ಅಂತ. ನಾ ಏನ ಹೇಳ್ಲಿ?" ಎಂದ.

ಒಳಗಿನಿಂದ ಅವನ ಆಯಿಯ ಉತ್ತರ ಬಂತು: "ತಿನ್ನೂದಿಲ್ಲ ಅಂತ ಹೇಳು. ಹೋಟೆಲ್ಲಿನ ಅಡಗಿ ನಮಗ ಆಗೂದಿಲ್ಲ."

"ಯಾಕ ಆಗೂದಿಲ್ಲ ಆಯಿ?"

ಈ ಪ್ರಶ್ನೆಗೆ ಒಳಗಿನಿಂದ ಉತ್ತರ ಬರಲಿಲ್ಲ. ಹುಡುಗ ನನ್ನ ಮುಖ ನೋಡಿದ. ನಾಳೆ ಹೋಗೋಣ, ತಿನ್ನಲಿಕ್ಕೆ ಆಗುತ್ತದೋ ಇಲ್ಲವೋ ಅಲ್ಲೇ ಕೇಳಿ ತಿಳಿಯೋಣ ಎಂದೆ. ಕಾಗಲದಿಂದ ಕೊಲ್ಹಾಪುರ ಸುಮಾರು 20 ಕಿಲೋಮೀಟರು. ಬೆಳಿಗ್ಗೆ ದೇವದರ್ಶನ ಮುಗಿಸಿ ಇಬ್ಬರೂ ಬಸ್ಸು ಹತ್ತಿದೆವು.

ಗಡಿಯ ಆಚೆ ಇರುವ ವಾಚಕರಿಗಾಗಿ ಮಿಸಳ ಎಂದರೇನು ಎಂದು ಎರಡು ಮಾತು. ಮೊಳಕೆ ಬಂದ ಮಡಕಿ ಕಾಳಿನ ಉಸಳಿಯನ್ನು ತಟ್ಟೆಗೆ ಹಾಕಿ, ಮೇಲೆ ಶೇವು, ಚೂಡಾ, ಫರಸಾಣ ಸುರಿದು, ಅದರ ಮೇಲೆ ಕೆಂಪಗೆ ಎಣ್ಣೆ ತೇಲುವ ತಿಳಿ ಸಾರನ್ನು ಹೊಯ್ಯುತ್ತಾರೆ. ಈ ಸಾರಿಗೆ ಅಲ್ಲಿ ಕಟ್ ಎನ್ನುತ್ತಾರೆ. ನಾವು ಹೋಳಿಗೆಯ ದಿನ ಮಾಡುವ ಕಟ್ಟಿನ ಸಾರಿನ ಕಟ್ಟೇ ಅದು. ಹಲವು ಕಡೆ ಆಲೂಗಡ್ಡೆಯ ಪಲ್ಯವೂ ಅಡಿಯಲ್ಲಿರುತ್ತದೆ. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಬದಿಗೆ ನಿಂಬೆಹೋಳು. ಕೊಲ್ಹಾಪುರದಲ್ಲಿ ಇದಕ್ಕೆ ಜೊತೆಯಾಗಿ ಕೊಡುವುದು ಬ್ರೆಡ್ಡಿನ ಹೋಳುಗಳನ್ನು. ಕಟ್ ಮುಗಿದರೆ ಮತ್ತೆ ಹೊಯ್ಯುತ್ತಾರೆ.

ಉದ್ಯಮನಗರದ ಫಡತರೆಯವರದು, ಕಸಬಾ ಬಾವಡೆಯ ಬಾವಡಾ ಮಿಸಳ, ಹೀಗೆ ಹಳೆಯ ಹೆಸರುಗಳು ಪುಣೆ-ಮುಂಬಯಿಯ ತನಕ ಗೊತ್ತು. ಕಾರ್ಖಾನೆಗೆ ಹೋಗುವವರು, ಪೇಟೆಗೆ ಮಾಲು ತಂದವರು, ಅಂಗಡಿ ಬಾಗಿಲು ತೆರೆಯುವ ಮುಂಚೆ ವ್ಯಾಪಾರಿಗಳು, ಎಲ್ಲರೂ ಒಂದೇ ಬಾಕಿನ ಮೇಲೆ ಕೂತು ತಿನ್ನುವ ತಿಂಡಿಯಿದು. ನಾವು ಹೋದದ್ದು ಪೇಟೆಯೊಳಗಿನ ಬೇರೆ ಒಂದು ಹಳೆಯ ಹೋಟೆಲ್ಲಿಗೆ. ಅದರ ಹೆಸರು ಇಲ್ಲಿ ಬೇಡ. ತಂದೆಯ ಕಾಲದಿಂದ ನಡೆಸಿಕೊಂಡು ಬಂದ ಮಾಲಕರು ಗಲ್ಲೆಯ ಮೇಲೆ ಕೂತಿದ್ದರು. ಮಾಂಸ ಬೇಯಿಸುವ ಮನೆಯಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡಿದ್ದೆ.

ಕೂತ ಮೇಲೆ ಹುಡುಗನಿಗೆ ಒಂದೊಂದಾಗಿ ಬಿಡಿಸಿ ಹೇಳಿದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ, ಹಸಿಶುಂಠಿ ನೆಲದೊಳಗಿನ ಕಂದಮೂಲಗಳು. ಒಂದೇ ಗಡ್ಡೆಯಲ್ಲಿ ಅನಂತ ಜೀವಗಳಿರುವ ಸಾಧಾರಣ ವನಸ್ಪತಿ ಎಂದು ನಮ್ಮ ಶಾಸ್ತ್ರ ಎಣಿಸುತ್ತದೆ. ಮೊಳಕೆ ಒಡೆದ ಕಾಳನ್ನೂ ಇದೇ ಕಾರಣಕ್ಕೆ ಹಲವರು ಬಿಡುತ್ತಾರೆ. ಬ್ರೆಡ್ಡು ನಿನ್ನೆಯದೋ ಮೊನ್ನೆಯದೋ, ಹುದುಗಿಸಿ ಮಾಡಿದ್ದು. ಅದರ ಮರ್ಯಾದೆಯ ಅವಧಿ ಮೀರಿರುತ್ತದೆ. ಖಾರ ಹೆಚ್ಚಾಯಿತೆಂದು ಮಿಸಳದ ಮೇಲೆ ಮೊಸರು ಸುರಿದುಕೊಳ್ಳುವವರಿದ್ದಾರೆ. ಹಸಿ ಹಾಲಿನ ಮೊಸರು ಬೇಳೆಕಾಳಿಗೆ ಕೂಡಿದರೆ ದ್ವಿದಳ ದೋಷ. ಒಳ್ಳೆಯದೊಂದಿದೆ: ಇದು ಬೆಳಗಿನ ತಿಂಡಿಯಾದ್ದರಿಂದ ರಾತ್ರಿಭೋಜನದ ಪ್ರಶ್ನೆ ಬರುವುದಿಲ್ಲ.

ಹುಡುಗನ ಮುಖ ಸಣ್ಣದಾಯಿತು. "ಅಜ್ಜಾ, ಹಂಗಾದ್ರ ಉಳಿದದ್ದು ನಿಂಬಿಹಣ್ಣ ಅಷ್ಟೇ!"

ನಮ್ಮ ಭಾಗದಲ್ಲಿ ದಿನನಿತ್ಯ ಉಳ್ಳಾಗಡ್ಡಿ-ಬೆಳ್ಳುಳ್ಳಿ ಬಳಸುವ ಜೈನ ಮನೆಗಳು ಸಾಕಷ್ಟಿವೆ. ಅಷ್ಟಮಿ, ಚತುರ್ದಶಿ, ಚಾತುರ್ಮಾಸ, ದಶಲಕ್ಷಣ ಪರ್ವಗಳಲ್ಲಿ ಮಾತ್ರ ಬಿಡುವವರುಂಟು. ವರ್ಷವಿಡೀ ಬಿಟ್ಟವರೂ ಉಂಟು. ಅವರವರ ವ್ರತ ಅವರವರ ಶಕ್ತಿಗೆ ಬಿಟ್ಟದ್ದು. ನಮ್ಮ ಮನೆಯಲ್ಲಿ ಬಿಟ್ಟಿದ್ದೇವೆ, ಆದ್ದರಿಂದ ಮಾಲಕರನ್ನು ಕರೆದು ಬೆಳ್ಳುಳ್ಳಿಯಿಲ್ಲದ ಕಟ್ ಇದೆಯೇ ಎಂದು ಕೇಳಿದೆ.

ಅವರು ಮರಾಠಿಯಲ್ಲಿ ಹೇಳಿದ ಮಾತಿನ ಸಾರ ಇಷ್ಟು: "ಶೇಠಜಿ, ಸುಳ್ಳು ಹೇಳಲಾರೆ. ಬೆಳ್ಳುಳ್ಳಿ ಅರೆದು ಹಾಕಿದ ಮೇಲೆಯೇ ಕಟ್ ಕುದಿಯುವುದು. ಮೇಲಿನ ಉಳ್ಳಾಗಡ್ಡಿ ತೆಗೆದು ಇದು ಜೈನ ಮಿಸಳ ಎಂದು ಕೊಟ್ಟರೆ ನೀವು ನಂಬಿ ತಿಂದು ಹೋಗುತ್ತೀರಿ. ನನಗೆ ಅದು ಬೇಡ. ಹಿಂದಿನ ದಿನ ಹೇಳಿ ಕಳಿಸಿ, ಸಣ್ಣ ಪಾತ್ರೆಯಲ್ಲಿ ಬೇರೆ ಮಾಡಿಸಿಡುತ್ತೇನೆ."

ಎಷ್ಟು ಪ್ರಾಮಾಣಿಕ ಮಾತು! ವ್ಯಾಪಾರದಲ್ಲಿ ಇರುವ ನಮಗೆ ಈ ಮಾತಿನ ಬೆಲೆ ಗೊತ್ತು. ಅಲ್ಲಿಗೆ ಸುಮ್ಮನಾಗಿದ್ದರೆ ನಾನು ಈ ಲೇಖನ ಬರೆಯುವ ಅಗತ್ಯವಿರುತ್ತಿರಲಿಲ್ಲ. ಆದರೆ ನನ್ನ ಬಾಯಿ ಮುಂದುವರಿಯಿತು. "ಒಳಗೆ ಅಡುಗೆ ಮಾಡುವವರು ಯಾರು? ಅವರ ಅಡ್ಡಹೆಸರೇನು?" ಎಂದು ಕೇಳಿಬಿಟ್ಟೆ.

ಅಡ್ಡಹೆಸರು ಕೇಳುವುದರ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ಜಾತಿಯನ್ನು ನೇರವಾಗಿ ಕೇಳುವುದಕ್ಕೆ ಸಂಕೋಚವಾದಾಗ ಅಡ್ಡಹೆಸರು ಕೇಳುತ್ತೇವೆ. ಮಾಲಕರು ಒಂದು ಕ್ಷಣ ಸುಮ್ಮನಿದ್ದು, "ಅಡುಗೆ ಚಲೋ ಮಾಡುತ್ತಾನೆ, ಶೇಠಜಿ. ಹದಿನೆಂಟು ವರ್ಷದಿಂದ ನಮ್ಮಲ್ಲಿದ್ದಾನೆ" ಎಂದಷ್ಟೇ ಹೇಳಿ ಗಲ್ಲೆಯ ಕಡೆಗೆ ಹೋದರು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಮನುಷ್ಯ ನನ್ನ ಮಾತು ಕೇಳಿದ್ದ. ಅವನು ಒಳಗೆ ಸರಿದ.

ಚಹಾ ಕುಡಿದು ಹೊರಬಿದ್ದೆವು. ಬಸ್ಸಿನಲ್ಲಿ ಗೋಕುಳ ಶಿರಗಾಂವ ದಾಟುವ ತನಕ ಹುಡುಗ ಮಾತಾಡಲಿಲ್ಲ. ಆಮೇಲೆ ಕೇಳಿದ: "ಅಜ್ಜಾ, ಬೆಳ್ಳುಳ್ಳಿ ಐತೇನು ಅಂತ ಕೇಳಿದ್ದು ತಿಳೀತು. ಅದರಾಗ ಜೀವ ಅದಾವ ಅಂತ ಹೇಳಿದಿ. ಅಡಗಿ ಮಾಡಾವ್ರ ಅಡ್ಡಹೆಸರಿನಾಗ ಏನ ಐತಿ?"

ಎಪ್ಪತ್ತು ದಾಟಿದ ನನ್ನ ಬಳಿ ಉತ್ತರವಿರಲಿಲ್ಲ. ಹಿಂದಿನ ದಿನ ಅವನ ಆಯಿ ಸುಮ್ಮನಾದ ಹಾಗೆ ನಾನೂ ಸುಮ್ಮನಾದೆ.

ಅಂದು ಸಂಜೆ ಸ್ವಾಧ್ಯಾಯಕ್ಕೆ ಕೂತಾಗ ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವನ್ನು ಎತ್ತಿಕೊಂಡೆ. ಗೃಹಸ್ಥನು ಏನು ತಿನ್ನಬೇಕು, ಏನು ಬಿಡಬೇಕು ಎಂಬುದಕ್ಕೆ ನಾವೆಲ್ಲ ಆಧಾರವಾಗಿ ಹಿಡಿಯುವ ಗ್ರಂಥವದು. ಭೋಗೋಪಭೋಗಗಳಿಗೆ ಮಿತಿ ಹಾಕುವ ಭಾಗದಲ್ಲಿ ಆಚಾರ್ಯರು ಹಸಿಶುಂಠಿ, ಮೂಲಂಗಿ, ಬೆಣ್ಣೆ ಮುಂತಾದವನ್ನು ಹೆಸರಿಸಿ ಬಿಡಬೇಕೆನ್ನುತ್ತಾರೆ. ಅವರು ಕೊಡುವ ಕಾರಣ ವ್ಯಾಪಾರಿಗೆ ಕೂಡಲೇ ತಿಳಿಯುವಂಥದ್ದು: ಅವುಗಳಿಂದ ಸಿಗುವ ಫಲ ಸ್ವಲ್ಪ, ಆಗುವ ಜೀವಘಾತ ಬಹಳ. ಸಣ್ಣ ಲಾಭಕ್ಕಾಗಿ ದೊಡ್ಡ ನಷ್ಟ ಮಾಡಿಕೊಳ್ಳುವ ವ್ಯವಹಾರ ಯಾರು ಮಾಡಿಯಾರು?

ಅದೇ ಗ್ರಂಥದ ಮೊದಲ ಭಾಗದಲ್ಲಿ ಸಮ್ಯಗ್ದರ್ಶನವನ್ನು ಕೆಡಿಸುವ ಎಂಟು ಮದಗಳ ಲೆಕ್ಕವಿದೆ. ಜ್ಞಾನ, ಪೂಜೆ, ಬಲ, ಋದ್ಧಿ, ತಪಸ್ಸು, ಶರೀರಗಳ ಜೊತೆಗೆ ಕುಲಮದ, ಜಾತಿಮದಗಳನ್ನೂ ಎಣಿಸಿದ್ದಾರೆ. ಅಷ್ಟಕ್ಕೇ ನಿಲ್ಲದೆ, ಸಮ್ಯಗ್ದರ್ಶನವುಳ್ಳವನು ಚಂಡಾಲ ಕುಲದಲ್ಲಿ ಹುಟ್ಟಿದ್ದರೂ ಅವನು ದೇವಸಮಾನನೆಂದು ಹೇಳಿದ್ದಾರೆ. ಹಸಿಶುಂಠಿಯನ್ನು ಬಿಡಿ ಎಂದ ಆಚಾರ್ಯರೇ ಜಾತಿಮದವನ್ನೂ ಬಿಡಿ ಎಂದಿದ್ದಾರೆ. ನಾನು ಮೊದಲನೆಯದನ್ನು ಅರವತ್ತು ವರ್ಷ ನಿಷ್ಠೆಯಿಂದ ಪಾಲಿಸಿದೆ. ಎರಡನೆಯದನ್ನು ಓದುತ್ತಲೇ ಬಂದೆ, ಆಚರಿಸಲಿಲ್ಲ.

ಮುನಿಗಳಿಗೆ ಆಹಾರ ಕೊಡುವಾಗ ನಾವು ಹೇಳುವ ಶುದ್ಧಿಗಳ ಕ್ರಮವನ್ನೇ ನೆನೆಯಿರಿ. ಮೊದಲು ಮನಶ್ಶುದ್ಧಿ, ನಂತರ ವಚನಶುದ್ಧಿ, ಕಾಯಶುದ್ಧಿ. ಆಹಾರ-ಜಲಶುದ್ಧಿಯ ಮಾತು ಕೊನೆಗೆ. ಚೌಕದ ಕಟ್ಟುನಿಟ್ಟು ಬೇರೆ, ಹೋಟೆಲ್ಲಿನ ಬಾಕು ಬೇರೆ, ಒಪ್ಪುತ್ತೇನೆ. ಆದರೂ ಆ ಕ್ರಮ ನಮಗೆ ಏನನ್ನೋ ಕಲಿಸುತ್ತದೆ.

ಕಾಗಲದವರಾದ ನಮಗೆ ಇದನ್ನು ಹೊರಗಿನವರು ಬಂದು ಹೇಳಬೇಕಾಗಿಯೂ ಇಲ್ಲ. ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರು ಹುಟ್ಟಿನಿಂದ ಕಾಗಲದ ಘಾಟಗೆ ಮನೆತನದವರು. 1874ರಲ್ಲಿ ಹುಟ್ಟಿ, 1884ರಲ್ಲಿ ಕೊಲ್ಹಾಪುರಕ್ಕೆ ದತ್ತಕವಾಗಿ ಹೋದರು. ಅವರ ಅರಮನೆಯ ಚಾಕರಿಯಲ್ಲಿ ಗಂಗಾರಾಮ ಕಾಂಬಳೆ ಎಂಬ ಅಸ್ಪೃಶ್ಯ ಸಮಾಜದ ಮನುಷ್ಯನಿದ್ದ. ಮೇಲ್ಜಾತಿಯವರ ನೀರಿನ ಹೌದನ್ನು ಮುಟ್ಟಿದನೆಂದು ಉಳಿದ ನೌಕರರು ಅವನನ್ನು ಹೊಡೆದರು. ಮಹಾರಾಜರು ಹೊಡೆದವರನ್ನು ಶಿಕ್ಷಿಸಿದರು. ಗಂಗಾರಾಮನಿಗೆ ಚಾಕರಿ ಬಿಟ್ಟು ಸ್ವಂತ ಉದ್ಯೋಗ ಮಾಡಲು ಹೇಳಿ ಸಹಾಯ ಕೊಟ್ಟರು. ಅವನು ಕೊಲ್ಹಾಪುರದ ಭಾವುಸಿಂಗಜಿ ರಸ್ತೆಯಲ್ಲಿ ಸತ್ಯಸುಧಾರಕ ಹೋಟೆಲ್ ಎಂದು ಚಹಾದ ಹೋಟೆಲ್ ತೆರೆದ.

ಹೋಟೆಲ್ಲೇನೋ ಸ್ವಚ್ಛವಾಗಿತ್ತು, ಗಿರಾಕಿಗಳು ಬರಲಿಲ್ಲ. ಗಂಗಾರಾಮನ ಕೈಯ ಚಹಾ ಕುಡಿಯುವವರು ಯಾರು? ಮಹಾರಾಜರೇ ತಮ್ಮ ಗಾಡಿಯನ್ನು ಆ ಹೋಟೆಲ್ಲಿನ ಮುಂದೆ ನಿಲ್ಲಿಸಿ ಚಹಾ ತರಿಸಿದರು. ತಾವೂ ಕುಡಿದರು, ಗಾಡಿಯಲ್ಲಿ ಜೊತೆಗಿದ್ದ ಉಚ್ಚ ಮನೆತನದವರಿಗೂ ಕುಡಿಸಿದರು. ಊರ ನಡುವಿನ ರಸ್ತೆಯಲ್ಲಿ, ಎಲ್ಲರ ಕಣ್ಣೆದುರು. 1922ರಲ್ಲಿ ಮಹಾರಾಜರು ತೀರಿಕೊಂಡರು. ಕಾಯದೆಗಳನ್ನೂ ಮಾಡಿದ ಅರಸರು ಅವರು. ಆದರೆ ಕೊಲ್ಹಾಪುರದ ಜನ ಇಂದಿಗೂ ಪ್ರೀತಿಯಿಂದ ಹೇಳುವ ಕಥೆಗಳಲ್ಲಿ ಈ ಒಂದು ಕಪ್ಪು ಚಹಾದ ಕಥೆಯಿದೆ.

1920ರ ಮಾರ್ಚಿನಲ್ಲಿ ಕಾಗಲ ಜಹಗೀರಿನ ಮಾಣಗಾಂವದಲ್ಲಿ ಡಾ. ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಪರಿಷತ್ತು ನಡೆದಾಗ ಮಹಾರಾಜರು ಅಲ್ಲಿಗೂ ಬಂದರು. ಭಾಷಣ ಮಾಡಿದ್ದಲ್ಲದೆ, ಅಂಬೇಡ್ಕರರನ್ನು ತಮ್ಮಲ್ಲಿಗೆ ಊಟಕ್ಕೆ ಕರೆದರು. ಜೊತೆಗೆ ಕೂತು ಉಣ್ಣುವುದು ಎಷ್ಟು ದೊಡ್ಡ ಮಾತು ಎಂಬುದು ಅವರಿಗೆ ಗೊತ್ತಿತ್ತು.

ನಮ್ಮ ಸಮಾಜದಲ್ಲೇ ಹುಟ್ಟಿದ ಕರ್ಮವೀರ ಭಾವುರಾವ ಪಾಟೀಲರನ್ನು ಮರೆಯುವಂತಿಲ್ಲ. 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದವರು. ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದಾಗ, 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳ ಮಿಸ್ ಕ್ಲಾರ್ಕ್ ವಸತಿಗೃಹದ ಉದ್ಘಾಟನೆಗೆ ಹೋಗಿಬಂದರು. ಬಂದ ಮೇಲೆ ಸ್ನಾನ ಮಾಡಿ ಊಟಕ್ಕೆ ಬಾ ಎಂದರೆ ಒಪ್ಪಲಿಲ್ಲ. ಕೊನೆಗೆ ಬೋರ್ಡಿಂಗು ಬಿಡಬೇಕಾಯಿತು. ಅದೇ ಹುಡುಗ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ. 1924ರಲ್ಲಿ ಸಾತಾರೆಯಲ್ಲಿ ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಅಡುಗೆ ಮಾಡಿ ಒಟ್ಟಿಗೆ ಉಂಡರು. 1927ರಲ್ಲಿ ಗಾಂಧೀಜಿಯವರು ಅಲ್ಲಿಗೆ ಬಂದು ಅದಕ್ಕೆ ಶಾಹೂ ಮಹಾರಾಜರ ಹೆಸರಿಟ್ಟರು. ಅಂದು ನಮ್ಮ ಹಿರಿಯರು ಊಟದ ಪಂಕ್ತಿಯಿಂದ ಎಬ್ಬಿಸಿದ ಹುಡುಗನ ಚಿತ್ರವನ್ನು ಇಂದು ನಮ್ಮ ಸಭೆಗಳಲ್ಲಿ ಹಾರ ಹಾಕಿ ಇಡುತ್ತೇವೆ. ಆ ಹಾರಕ್ಕೆ ಅರ್ಥ ಬರಬೇಕಾದರೆ ನನ್ನಂಥವರು ಹೋಟೆಲ್ಲಿನಲ್ಲಿ ಅಡ್ಡಹೆಸರು ಕೇಳುವುದನ್ನು ಬಿಡಬೇಕು.

ಹಾಗಾದರೆ ಏನೂ ಕೇಳದೆ ಎಲ್ಲವನ್ನೂ ತಿನ್ನಬೇಕೇ? ಹಾಗಲ್ಲ. ಕೇಳಲೇಬೇಕು. ಕೇಳಬೇಕಾದದ್ದು ಯಾವುದು ಎಂಬುದು ಮುಖ್ಯ. ಇದು ನನಗೆ ಸ್ಪಷ್ಟವಾದದ್ದು ಅದೇ ವಾರ ಅಮೆರಿಕೆಯಿಂದ ಮಗಳ ಫೋನು ಬಂದಾಗ.

ಅವಳು ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ಊರಿನಲ್ಲಿದ್ದಾಳೆ. ಆಫೀಸಿನವರೆಲ್ಲ ಸೇರಿ ಅಲ್ಲಿಯ ಹಳೆಯ ಮೆಕ್ಸಿಕನ್ ಹೋಟೆಲ್ಲೊಂದರಲ್ಲಿ ಊಟ ಇಟ್ಟುಕೊಂಡಿದ್ದರು. ಹೋಟೆಲ್ಲಿನ ಹೆಸರು ಮಿ ತಿಯೆರ್ರಾ, ಅಂದರೆ ನನ್ನ ನೆಲ. 1941ರಲ್ಲಿ ಕೋರ್ತೇಜ್ ದಂಪತಿಗಳು ಊರಿನ ಮಾರುಕಟ್ಟೆಯಲ್ಲಿ ಮೂರೇ ಮೇಜು ಹಾಕಿ ಅದನ್ನು ಆರಂಭಿಸಿದರಂತೆ, ನಸುಕಿನಲ್ಲೇ ಮಾಲು ತರುವ ರೈತರಿಗೆ, ಕೂಲಿಗಳಿಗೆ ತಿಂಡಿ ಸಿಗಲೆಂದು. ಕೇಳಿದಾಗ ನನಗೆ ನಮ್ಮ ಪೇಟೆಯ ಮಿಸಳದ ಬಾಕುಗಳೇ ಕಣ್ಣಿಗೆ ಬಂದವು. ಜಗತ್ತಿನಲ್ಲಿ ಎಲ್ಲಿ ಮಾರುಕಟ್ಟೆಯಿದೆಯೋ ಅಲ್ಲಿ ಇಂಥ ಒಂದು ಅಡುಗೆಮನೆ ಹುಟ್ಟಿಕೊಳ್ಳುತ್ತದೆ.

"ಅಪ್ಪಾ, ಹೋಗ್ಲೋ ಬ್ಯಾಡೋ? ಹೋದ್ರ ಏನ ತಿನ್ಲಿ?" ಎಂದು ಕೇಳಿದಳು.

ಅವಳೂ ನಾನೂ ಕೂಡಿ ಮೆಕ್ಸಿಕನ್ ಅಡುಗೆಯನ್ನು ಒಂದೊಂದಾಗಿ ಬಿಡಿಸಿದೆವು. ಅವರ ರೊಟ್ಟಿಗೆ ತೋರ್ತಿಯಾ ಎನ್ನುತ್ತಾರೆ. ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು, ಅರೆದು ತಟ್ಟುತ್ತಾರೆ. ನಾವು ಎಲೆ-ಅಡಿಕೆಗೆ ಹಚ್ಚುವ ಸುಣ್ಣವೇ ಅದು. ಇದರಲ್ಲಿ ನಮಗೆ ಅಡ್ಡಿಯಿಲ್ಲ. ಅದೇ ಗೋದಿಯ ತೋರ್ತಿಯಾ ಆದರೆ ಹಳೆಯ ಪದ್ಧತಿಯಲ್ಲಿ ಹಂದಿಯ ಕೊಬ್ಬು ಸೇರಿಸುತ್ತಾರೆ, ಕೇಳಲೇಬೇಕು. ಕಾಳನ್ನು ಬೇಯಿಸಿ, ಮಸೆದು, ಹುರಿದು ಕೊಡುವ ಪದಾರ್ಥವಿದೆ. ನೋಡಲಿಕ್ಕೆ ನಮ್ಮ ಕಾಳುಪಲ್ಯದಂತೆಯೇ ಇರುತ್ತದೆ, ಆದರೆ ಹುರಿಯುವುದು ಅನೇಕ ಕಡೆ ಅದೇ ಕೊಬ್ಬಿನಲ್ಲಿ. ಕೆಂಪು ಅನ್ನವನ್ನು ಹಲವರು ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಕೆಲವು ಚೀಸುಗಳಿಗೆ ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕಿರುತ್ತಾರೆ. ಬೆಣ್ಣೆಹಣ್ಣಿನ ಗೊಜ್ಜು, ಸುಟ್ಟ ಗೋವಿನಜೋಳದ ತೆನೆ, ಕುಂಬಳದ ಜಾತಿಯ ಕಾಯಿಗಳು, ಮುಳ್ಳು ತೆಗೆದು ಬೇಯಿಸಿದ ಕಳ್ಳಿಯ ಎಲೆ, ಇವು ಸಿಗುತ್ತವೆ. ಉಳ್ಳಾಗಡ್ಡಿ-ಬೆಳ್ಳುಳ್ಳಿ ಹಾಕದೆ ಮಾಡಿಕೊಡಿ ಎಂದು ಹೇಳಬೇಕಷ್ಟೆ. ಕೊಬ್ಬಿಗೆ ಅವರ ಸ್ಪ್ಯಾನಿಷ್ ಭಾಷೆಯಲ್ಲಿ ಮಾಂತೇಕಾ, ಉಳ್ಳಾಗಡ್ಡಿಗೆ ಸೆಬೋಯಾ, ಬೆಳ್ಳುಳ್ಳಿಗೆ ಆಹೊ. ಈ ಮೂರು ಮಾತು ಕಲಿತುಕೋ ಎಂದೆ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಯ ಹೊತ್ತಿಗೆ, ಆರಕ್ಕೆ ಕೂತರೆ ನಿಯಮಕ್ಕೆ ಭಂಗವಿಲ್ಲ. ಡಿಸೆಂಬರಿನಲ್ಲಿ ಆರು ಗಂಟೆಗೆ ಮುಂಚೆಯೇ ಮುಳುಗುತ್ತದೆ, ಆಗ ಮಧ್ಯಾಹ್ನದ ಊಟಕ್ಕೆ ಕರೆಯಿರಿ ಎಂದು ಹೇಳುವುದೇ ಒಳ್ಳೆಯದು.

ಫೋನು ಇಟ್ಟ ಮೇಲೆ ಒಂದು ಮಾತು ಹೊಳೆಯಿತು. ಇಷ್ಟೆಲ್ಲ ವಿಚಾರಿಸುವಾಗ ಆ ಹೋಟೆಲ್ಲಿನ ಅಡುಗೆಯವರ ಕುಲ ಯಾವುದೆಂದು ನಾನೂ ಕೇಳಲಿಲ್ಲ, ಮಗಳೂ ಕೇಳಲಿಲ್ಲ. ಎಂಟು-ಹತ್ತು ಸಾವಿರ ಮೈಲಿ ದೂರದ ಮನುಷ್ಯನಿಗೆ ಬೇಡವಾದ ಪ್ರಶ್ನೆಯನ್ನು 20 ಕಿಲೋಮೀಟರು ದೂರದ ಮನುಷ್ಯನಿಗೆ ಕೇಳಿದ್ದೆ.

ಇನ್ನೊಂದೂ ಹೊಳೆಯಿತು. ನಮ್ಮದು ಮೆಣಸಿನಕಾಯಿಯ ವ್ಯಾಪಾರ. ಸಂಕೇಶ್ವರಿ ಮೆಣಸಿನಕಾಯಿಯ ಲಿಲಾವಿಗೆ ಗಡಹಿಂಗ್ಲಜ ಪೇಟೆಗೆ ಎಷ್ಟೋ ವರ್ಷ ಹೋಗಿದ್ದೇನೆ. ಕೊಲ್ಹಾಪುರದ ಕಟ್ಟಿನ ಕೆಂಪು ಬಣ್ಣ, ಖಾರ ಎಲ್ಲ ಈ ಕಾಯಿಯದು. ಇದನ್ನು ನಮ್ಮ ನೆಲದ್ದೇ ಎಂದು ಹೆಮ್ಮೆಪಡುತ್ತೇವೆ. ಆದರೆ ಅದರ ತವರು ಮೆಕ್ಸಿಕೋ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗಿನಲ್ಲಿ ಈ ಕರಾವಳಿಗೆ ಬಂತು. ಅದಕ್ಕೆ ಮುಂಚೆ ನಮ್ಮ ಅಡುಗೆಯ ಖಾರವೆಂದರೆ ಕರಿಮೆಣಸು. ಮೆಣಸಿನ ಕೆಲಸ ಮಾಡುವ ಕಾಯಿ ಎಂದೇ ಇದಕ್ಕೆ ಮೆಣಸಿನಕಾಯಿ ಎಂಬ ಹೆಸರು. ಗೋವಿನಜೋಳದ ತವರೂ ಮೆಕ್ಸಿಕೋವೇ. ಆಲೂಗಡ್ಡೆ, ಶೇಂಗಾ ದಕ್ಷಿಣ ಅಮೆರಿಕೆಯವು. ಇವೆಲ್ಲ ನಮ್ಮ ಯಾವ ಶ್ರಾವಕಾಚಾರದಲ್ಲೂ ಹೆಸರಿಲ್ಲದ ಹೊಸ ಅತಿಥಿಗಳು.

ನಮ್ಮ ಹಿರಿಯರು ಆಗ ಏನು ಮಾಡಿದರು? ಪರದೇಶದ್ದೆಂದು ಎಲ್ಲವನ್ನೂ ಹೊರಗಿಡಲಿಲ್ಲ, ಹೊಸದೆಂದು ಎಲ್ಲವನ್ನೂ ಒಳಗೆ ಕರೆಯಲಿಲ್ಲ. ಮೆಣಸಿನಕಾಯಿ ಗಿಡದ ಮೇಲೆ ಬಿಡುತ್ತದೆ, ಕಾಯಿ ಹರಿದರೆ ಗಿಡ ಉಳಿಯುತ್ತದೆ, ಬರಲಿ ಎಂದರು. ಆಲೂಗಡ್ಡೆ ನೆಲದೊಳಗಿನ ಗಡ್ಡೆ, ಬೇಡ ಎಂದರು. ಶೇಂಗಾ ನೆಲದೊಳಗಿದ್ದರೂ ಸಿಪ್ಪೆಯೊಳಗಿನ ಒಣ ಬೀಜ, ನಡೆಯುತ್ತದೆ ಎಂದು ಬಹುಮಂದಿ ಒಪ್ಪಿದರು. ಎಲ್ಲಿಂದ ಬಂತು, ಯಾರು ತಂದರು ಎಂದು ಕೇಳಲಿಲ್ಲ. ಅದರಲ್ಲಿ ಜೀವಘಾತ ಎಷ್ಟು ಎಂದು ಕೇಳಿದರು. ಪದಾರ್ಥವನ್ನು ಅದರ ಗುಣದಿಂದ ತೂಗಿದ ಈ ವಿವೇಕವನ್ನು ಮನುಷ್ಯರ ವಿಷಯದಲ್ಲಿ ಮಾತ್ರ ನಾವು ಮರೆತೆವು.

ಆದ್ದರಿಂದ ಹೊರಗೆ ಉಣ್ಣುವ ಪ್ರಸಂಗ ಬಂದಾಗ, ಅದು ಕೊಲ್ಹಾಪುರವಿರಲಿ ಸ್ಯಾನ್ ಆಂಟೋನಿಯೊ ಇರಲಿ, ಕೇಳಬೇಕಾದ ಪ್ರಶ್ನೆಗಳನ್ನು ಹುಡುಗನೂ ನಾನೂ ಒಂದು ಚೀಟಿಯಲ್ಲಿ ಬರೆದೆವು. ಒಂದು, ಈ ಅಡುಗೆಮನೆಯಲ್ಲಿ ಮಾಂಸ ಬೇಯುತ್ತದೆಯೇ? ಬೇಯುವುದಾದರೆ ಎಣ್ಣೆ, ಪಾತ್ರೆ, ಸೌಟು, ಚಾಕು ಬೇರೆ ಇವೆಯೇ? ಎರಡು, ಯಾವ ಕೊಬ್ಬಿನಲ್ಲಿ ಅಥವಾ ಎಣ್ಣೆಯಲ್ಲಿ ಮಾಡಿದ್ದು? ಮೂರು, ಕಂದಮೂಲ ಮೇಲೆ ಉದುರಿಸಿದ್ದೋ, ಅಡುಗೆಯೊಳಗೇ ಅರೆದದ್ದೋ? ಮೇಲಿನದನ್ನು ಬಿಡಬಹುದು, ಒಳಗಿನದನ್ನು ತೆಗೆಯಲಾಗದು. ನಾಲ್ಕು, ಇಂದಿನದೋ ನಿನ್ನೆಯದೋ? ಐದು, ಕಾಳು-ಮೊಸರು ಕೂಡಿದೆಯೇ? ಆರು, ಸೂರ್ಯಾಸ್ತ ಎಷ್ಟು ಗಂಟೆಗೆ? ನೀರನ್ನು ಮಾತ್ರ ಮನೆಯಿಂದಲೇ ಗಾಳಿಸಿ ಒಯ್ಯುವುದು. ಅಡ್ಡಹೆಸರಿನ ಪ್ರಶ್ನೆ ಚೀಟಿಯಲ್ಲಿಲ್ಲ.

ಈ ಪ್ರಶ್ನೆಗಳನ್ನು ನಾಚಿಕೆಯಿಲ್ಲದೆ ಕೇಳಬೇಕು, ಸಿಟ್ಟಿಲ್ಲದೆಯೂ ಕೇಳಬೇಕು. ನಮ್ಮ ನಿಯಮ ನಮ್ಮದು. ಅದರ ಭಾರವನ್ನು ಬಡಿಸುವವನ ಮೇಲೆ ಹೊರಿಸಬಾರದು. ಆಗುವುದಿಲ್ಲ ಎಂದರೆ ಚಹಾ ಕುಡಿದು ಏಳುವುದು. ಸುಮ್ಮನೆ ಬೇಡ ಬೇಡ ಎನ್ನುತ್ತ ಹೋದರೆ ಮಕ್ಕಳು ಮನೆ ಬಿಟ್ಟು ಹೊರಗೆ ಓದಲು ಹೋದಂದೇ ನಿಯಮವನ್ನೂ ಬಿಡುತ್ತಾರೆ. ಕಾರಣ ತಿಳಿದ ಮಗು ಬೋರ್ಡಿಂಗಿನಲ್ಲಿಯೂ, ಪರದೇಶದಲ್ಲಿಯೂ ತಾನೇ ಆರಿಸಿ ಉಣ್ಣುತ್ತದೆ.

ರಜೆ ಮುಗಿಯುವ ಮುಂಚೆ ಅದೇ ಹೋಟೆಲ್ಲಿನ ಮಾಲಕರಿಗೆ ಹಿಂದಿನ ದಿನ ಫೋನು ಮಾಡಿದೆ. ಈ ಸಲ ಅವನ ಆಯಿಯೂ ಬಂದರು, ಡಬ್ಬಿಯಲ್ಲಿ ಜೋಳದ ರೊಟ್ಟಿ, ಬಾಟಲಿಯಲ್ಲಿ ಗಾಳಿಸಿದ ನೀರು ಹಿಡಿದುಕೊಂಡು. ಮಾಲಕರು ಹೇಳಿದಂತೆ ಸಣ್ಣ ಪಾತ್ರೆ ಬೇರೆ ಇಡಿಸಿದ್ದರು. ಮೊಳಕೆ ಬರಿಸದ ಮಡಕಿ ಕಾಳು, ಹುರಿದ ಒಣಕೊಬ್ಬರಿ, ಎಳ್ಳು, ಧನಿಯಾ, ಜೀರಿಗೆ, ಲವಂಗ ಅರೆದ ಮಸಾಲೆ, ಬೆಳ್ಳುಳ್ಳಿಯ ಬದಲು ಇಂಗು, ಖಾರಕ್ಕೆ ಸಂಕೇಶ್ವರಿ. ಆಲೂಗಡ್ಡೆಯಿಲ್ಲ, ಉಳ್ಳಾಗಡ್ಡಿಯಿಲ್ಲ. ಕಟ್ಟಿಗೆ ಮೈ ಕೊಡುವುದು ಕೊಬ್ಬರಿ-ಎಳ್ಳು ಎಂಬುದು ಅಂದು ತಿಳಿಯಿತು. ರೊಟ್ಟಿ ಮುರಿದು ಅದ್ದಿಕೊಂಡು ಮೂವರೂ ತಿಂದೆವು. ಹುಡುಗನ ಕಣ್ಣಲ್ಲಿ ಖಾರಕ್ಕೆ ನೀರು ಬಂದರೂ ಎರಡು ಸಲ ಕಟ್ ಹಾಕಿಸಿಕೊಂಡ. ಆಯಿ ಒಂದೇ ಮಾತು ಹೇಳಿದರು: "ಉಪ್ಪ ಒಂಚೂರ ಕಡಿಮಿ ಆಗೇತಿ, ಉಳದದ್ದ ಚಲೋ ಐತಿ." ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಂಸೆ ಇಲ್ಲ.

ಏಳುವ ಮುಂಚೆ ಅಡುಗೆಮನೆಯ ಬಾಗಿಲಿಗೆ ಹೋದೆ. ಆ ಮನುಷ್ಯ ಒರೆಸಿಕೊಂಡ ಕೈಯಲ್ಲಿ ಹೊರಗೆ ಬಂದ. ಅಂದು ಕೇಳಬಾರದ ಮಾತು ಕೇಳಿದೆ, ಕ್ಷಮಿಸಬೇಕು ಎಂದು ಕೈ ಮುಗಿದೆ. ಅವನು ಗಡಬಡಿಸಿ, "ಅಸು ದ್ಯಾ, ಕಾಕಾ" ಎಂದ. ಇರಲಿ ಬಿಡಿ ಎಂದು ಅರ್ಥ. ಪರ್ಯುಷಣದ ಕೊನೆಗೆ ನಾವು ಬಂಧುಗಳಲ್ಲಿ, ಗೆಳೆಯರಲ್ಲಿ ವರ್ಷವರ್ಷವೂ ಕ್ಷಮೆ ಕೇಳುತ್ತೇವೆ. ನಿಜವಾಗಿ ಕೇಳಬೇಕಾದವರ ಬಾಗಿಲಿಗೆ ಹೋಗಿ ಕೇಳಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಹೊರಗೆ ಬಂದ ಮೇಲೆ ಹುಡುಗ, "ಅಜ್ಜಾ, ಈಗ ಗೆಳ್ಯಾರಿಗೆ ಏನ ಹೇಳ್ಬೇಕು ಅಂತ ಗೊತ್ತಾತು" ಎಂದ.

ಏನು ಹೇಳುತ್ತೀ ಎಂದು ನಾನು ಕೇಳಲಿಲ್ಲ. ಬಸ್ಸು ಬಂದಿತ್ತು.

ಜೈ ಜಿನೇಂದ್ರ.